ಹೊಟ್ಟೆಗೆ ಸುತ್ತಿದ ಧಾರೆ ಸೀರೆ

ನೀವು ಎಂದಾದರೂ ಸೀರೆ ಕಳ್ಳಸಾಗಣೆ ಮಾಡಿದ್ದೀರಾ? ನಾನು ಮಾಡಿದ್ದೇನೆ, ಮೂರನೆಯ ಇಯತ್ತೆಯಲ್ಲಿದ್ದಾಗ. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ತಪ್ಪಿದ್ದರೆ ಬೆರಳಿಗೆ ಬೈಯಿರಿ.

ಆಗ ನಮ್ಮೂರ ಹಳ್ಳದ ಈ ದಂಡೆ ಇಂಗ್ಲಿಷರದು, ಆ ದಂಡೆ ನಿಜಾಮರದು. ಚಿಣಿದಾಂಡು ಆಡುವಾಗ ಚಿಣಿ ಆಚೆ ಹಾರಿದರೆ ‘ಪರದೇಶಕ್ಕೆ ಹೋತು’ ಎಂದು ಕೂಗುತ್ತಿದ್ದೆವು. ಆಚೆ ಬೇವಿನ ಮರದ ಕೆಳಗೆ ಸುಂಕದ ನಾಕಾ. ಹೊಸ ಬಟ್ಟೆ ಕಂಡರೆ ಸಾಹೇಬರು ಬರುವ ತನಕ ಹಿಡಿದಿಡುತ್ತಿದ್ದರು. ಮೈಮೇಲೆ ಉಟ್ಟಿದ್ದಕ್ಕೆ ಮಾತ್ರ ಸುಂಕವಿಲ್ಲ.

ಆ ಬೇಸಿಗೆಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವನ ಮದುವೆ ಆಚೆಯ ಊರಿನಲ್ಲಿ. ಬೆಳಗಾದರೆ ಮುಹೂರ್ತ. ಇಳಕಲ್ಲಿನ ಧಾರೆ ಸೀರೆ ನಾಕಾದಲ್ಲಿ ಉಳಿದರೆ ಚಿಗವ್ವ ಹಳೆಯ ಸೀರೆಯಲ್ಲೇ ಹಸೆ ಏರಬೇಕು. ಧಾರೆಗೆ ಮೊದಲು ಮದುಮಗಳು ಅದನ್ನು ಉಡುವಂತಿಲ್ಲ, ಬೇರೆ ಹೆಂಗಸರಂತೂ ಉಡಲೇಬಾರದು. ಉಳಿದವಳು ನಾನು. ಅವ್ವ ಅದನ್ನು ನನ್ನ ಹೊಟ್ಟೆಗೆ ಸುತ್ತಿ ಮೇಲೆ ಲಂಗ ಬಿಗಿದಳು. ಹೊಸ ಗಂಜಿಯ ವಾಸನೆ, ಬೆವರು, ತುರಿಕೆ.

“ಕೆರಕೋಬ್ಯಾಡ ನನ್ನ ಬಂಗಾರ,” ಎಂದು ಚಿಗವ್ವ ಕಿವಿಯಲ್ಲಿ ಬೇಡಿಕೊಂಡಳು.

ನಾಕಾದಲ್ಲಿ ಬಂಡಿ ನಿಂತಿತು. ಗಂಟುಗಳನ್ನೆಲ್ಲ ಬಿಚ್ಚಿಸಿ ನೋಡಿದ ಮೀಸೆಯ ಜಮಾದಾರ ನನ್ನ ಮುಂದೆ ಕುಕ್ಕರಿಸಿದ.

“ಹೊಟ್ಟಿ ಯಾಕ ಹಿಂಗ ಉಬ್ಬೈತಿ?”

“ಹೋಳಿಗಿ ತಿಂದೀನಿ.”

“ಭಾಳ?”

“ಹೂಂ. ತುಪ್ಪ ಹಾಕ್ಕೊಂಡು.”

ಅವನ ಕಣ್ಣು ಕೆಳಗಿಳಿಯಿತು. ಸುತ್ತು ಸಡಿಲಾಗಿ, ಲಂಗದ ಅಡಿಯಿಂದ ಕೆಂಪು ಸೆರಗು ಇಣುಕುತ್ತಿತ್ತು. ಚಿಗವ್ವ ಉಸಿರು ಬಿಗಿಹಿಡಿದಳು.

“ಹೋಳಿಗಿ ಹೊರಗ ಬರಾಕತ್ತೈತಲ್ಲ ತಂಗಿ. ಒಳಗ ಸೇರಸ್ಕೊ, ಲಗೂನ ಬಂಡಿ ಹತ್ತು.”

ತಿರುವು ದಾಟಿದ ಮೇಲೆ ಚಿಗವ್ವ ನನ್ನನ್ನು ಅಪ್ಪಿಕೊಂಡು ಅಳುತ್ತಲೇ ನಕ್ಕಳು. ಆ ಹಗುರ ಇಂದಿಗೂ ನನ್ನೊಳಗಿದೆ. ಮುಂದೆ ರಾಜರು, ಕುದುರೆಗಳು, ಗಡಿ ದಾಟುವ ಪ್ರೇಮಿಗಳು ಎಂದು ಕಾದಂಬರಿ ಮೇಲೆ ಕಾದಂಬರಿ ಬರೆದೆ. ನಿಮ್ಮ ಕಾವಲುಗಾರರೆಲ್ಲ ಕೊನೆಗೆ ಯಾಕೆ ಬಿಟ್ಟುಬಿಡುತ್ತಾರೆ ಎಂದು ಓದುಗರು ಕೇಳುತ್ತಿದ್ದರು. ಬಿಡದೇ ಇರುವ ಕಾವಲುಗಾರನನ್ನು ನಾನು ಕಂಡೇ ಇಲ್ಲ, ಏನು ಮಾಡಲಿ?

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಳಿಯ ಅಲ್ಲಿಗೆ ಬಂದ ವರ್ಷಗಳಲ್ಲಿ ನಾನೂ ಮ್ಯಾನ್‌ಹೈಮಿನಲ್ಲಿದ್ದೆ. ಒಂದು ಭಾನುವಾರ ಎಲ್ಲರೂ ಕಾರಿನಲ್ಲಿ ಫ್ರಾನ್ಸಿಗೆ ಹೊರಟೆವು. ಗಡಿಯಲ್ಲಿ ಕಸಿದುಕೊಂಡಾರೆಂದು ಹೋಳಿಗೆಯ ಪೊಟ್ಟಣವನ್ನು ಸೆರಗಿನೊಳಗೆ ಬಚ್ಚಿಟ್ಟು, ಪಾಸ್‌ಪೋರ್ಟ್ ಹಿಡಿದು ಕುಳಿತೆ. ಒಂದು ಸೇತುವೆ ಬಂತು, ಹೋಯಿತು.

“ನಾಕಾ ಎಲ್ಲಿ?” ಎಂದೆ.

“ಷೋನ್ ಫೋರ್‌ಬೈ ಅಜ್ಜಿ, ಆಗಳೇ ದಾಟಿ ಬಂದ್ವಿ,” ಎಂದಳು ಮೊಮ್ಮಗಳು.

ಹಾಯೆನಿಸಿತು. ಆದರೆ ಉಸಿರು ಬಿಗಿಹಿಡಿಯುವ ಚಿಗವ್ವನೂ ಇಲ್ಲ, ನೋಡಿಯೂ ನೋಡದಂತಿದ್ದ ಆ ಜಮಾದಾರನೂ ಇಲ್ಲ.

“ತಡಿಯೋರ ಇಲ್ಲಂದ್ರ ನನ್ನ ಕಾದಂಬರಿ ನಾಯಕಿನ್ನ ಬಿಡೋರು ಯಾರು?” ಎಂದು ಗೊಣಗಿದೆ.

ಮೊಮ್ಮಗಳು ನನ್ನ ಉಬ್ಬಿದ ಸೆರಗಿನತ್ತ ನೋಡಿದಳು.

“ಅದಿರ್ಲಿ ಅಜ್ಜಿ, ಹೋಳಿಗಿ ಹೊರಗ ತಗಿ. ನಂಗ ಹಸಿವಾಗೈತಿ.”