ಹೊರಗೆ ಕೊಡದ ಪುಸ್ತಕ

ನಾನು ಕೆಲಸ ಮಾಡುವ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಮಾಸಿನ ರೋಗಗಳ ಬಗ್ಗೆಯೇ ಒಂದು ದಪ್ಪ ಪುಸ್ತಕವಿದೆ. ಹೆರಿಗೆಯಾದ ಮೇಲೆ ಹೊರಬೀಳುವ ಮಾಸಿನ ಬಗ್ಗೆ ಅಷ್ಟೊಂದು ಪುಟ ಬರೆಯುವುದಕ್ಕೇನಿದೆ ಅಂತ ನಕ್ಕಿದ್ದವನು ನಾನು.

ಒಂದು ಮಧ್ಯಾಹ್ನ ಇಲವಾಲದ ಕಡೆಯವನೊಬ್ಬ ಬಂದು ಕೌಂಟರಿನ ಮುಂದೆ ನಿಂತ. ಅವನ ಹೆಂಡತಿಗೆ ಎಂಟು ತಿಂಗಳಾಗಿದ್ದಾಗ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಮಾಸಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂತ ರಿಪೋರ್ಟು. ಅವನ ತಾಯಿ ಮಾತ್ರ, ಗ್ರಹಣದ ಹೊತ್ತಲ್ಲಿ ಸೊಸೆ ಸೊಪ್ಪು ಹೆಚ್ಚಿದ್ದೇ ಕಾರಣ ಅಂತ ಹಟ ಹಿಡಿದಿದ್ದರಂತೆ.

“ಇದೆಲ್ಲ ಬುಕ್ಕಲ್ಲೈತೆ ಅಂದ್ರು ಸಾರ್ ಡಾಕ್ಟ್ರು. ಒಂದಿನ ಕೊಡಿ, ಅವ್ವಂಗೆ ತೋರ್ಸಿ ತಂದ್ಬುಡ್ತೀನಿ.”

“ನಿಮ್ಮ ತಾಯಿಗೆ ಇಂಗ್ಲಿಷ್ ಬರುತ್ತಾ?”

“ಅವ್ವಂಗೆ ಓದಕ್ಕೇ ಬರಲ್ಲ ಸಾರ್. ದಪ್ಪ ಬುಕ್ಕು ಕಂಡ್ರೆ ನಂಬ್ತಾಳೆ.”

ರೆಫರೆನ್ಸ್ ಪುಸ್ತಕ ಹೊರಗೆ ಕೊಡುವ ಹಾಗಿಲ್ಲ ಅಂದೆ. ಎರಡು ಪುಟ ಜೆರಾಕ್ಸ್ ಮಾಡಿಕೊಟ್ಟೆ. “ರಿಪೋರ್ಟೂ ಹಾಳೇನೇ ಅಲ್ವಾ ಸಾರ್, ಅದನ್ನೇ ಅವ್ವ ನಂಬ್ನಿಲ್ಲ” ಅಂದವನು, ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ನನಗೆ ಮನಸ್ಸು ತಡೆಯಲಿಲ್ಲ. ವಾರ ಬಿಟ್ಟು ಆಸ್ಪತ್ರೆ ಗೇಟಿನ ಹತ್ತಿರ ಕಂಡಾಗ ನಾನೇ ಕರೆದೆ. “ಬನ್ನಿ, ಆ ಪುಸ್ತಕ ನನ್ನ ಹೆಸರಿಗೆ ಬರೆದುಕೊಂಡು ಕೊಡ್ತೀನಿ.”

“ಬ್ಯಾಡ ಸಾರ್. ಅವಳನ್ನ ತೌರಿಗೆ ಕಳಿಸ್ಬುಟ್ರು. ನಂಗೆ ಬೇರೆ ಹೆಣ್ಣು ನೋಡ್ತಾವ್ರೆ” ಅಂದ. ನನ್ನ ಮುಖ ನೋಡಲಿಲ್ಲ.

ಮೊನ್ನೆ ಸ್ಟಾಕ್ ನೋಡಲು ಬಂದ ಅಧಿಕಾರಿ ಆ ಪುಸ್ತಕವನ್ನು ತಿರುವಿ ಹಾಕಿದರು. ಒಂದು ಪುಟದ ಮೂಲೆಯೂ ಮಡಚಿಲ್ಲ, ಬಹಳ ಚೆನ್ನಾಗಿ ಕಾಪಾಡಿದ್ದೀರಿ ಅಂತ ನನ್ನ ಬೆನ್ನು ತಟ್ಟಿದರು.