ಸದ್ದು ಮಾಡದ ಟೈರು ಹುಡುಕಿದ್ದು

ನನ್ನ ಅಮ್ಮಿಗೆ ಎರಡೂ ಕಿವಿ ಮಂದ. ಎಪ್ಪತ್ತು ದಾಟಿದ ಮೇಲೆ ಹಟ ಮಾಡಿ ಕಿವಿಗೆ ಮಿಷನ್ನು ಹಾಕಿಸಿದೆವು. ಮನೆಯಲ್ಲಿ ಅದನ್ನು ಹಾಕಿಕೊಂಡು ಬೀದಿಯ ಜಗಳವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವಳು, ನನ್ನ ಕಾರು ಹತ್ತಿದ ಕೂಡಲೇ ಎರಡನ್ನೂ ಕಿತ್ತು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಬಿಡುತ್ತಿದ್ದಳು.

ಪ್ರತಿ ಭಾನುವಾರ ನಾವು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇವೆ. ಅಲ್ಲಿ ಅಮ್ಮಿಯ ತಂಗಿ, ನನ್ನ ಖಾಲಾ, ಇದ್ದಾಳೆ. ಶಿಡ್ಲಘಟ್ಟದ ಮೇಲಿನ ದಾರಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನನಗೆ ವಾರವೆಲ್ಲ ಮಕ್ಕಳ ಜೊತೆ ಮಾತಾಡಿ ಗಂಟಲು ಒಣಗಿರುತ್ತದೆ. ತಾಯಿಯ ಜೊತೆ ಮಾತಾಡಲು ಸಿಗುವುದು ಆ ದಾರಿಯಷ್ಟೇ. ಆ ಹೊತ್ತಿನಲ್ಲೇ ಅವಳು ಕಿವಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದಳು. ನನ್ನ ಮೇಲೆ ಏನೋ ಮುನಿಸು ಅಂದುಕೊಂಡಿದ್ದೆ. ಒಂದು ಭಾನುವಾರ ರೇಗಿ ಕೇಳಿಯೇಬಿಟ್ಟೆ.

ನಾವು ಮನೆಯಲ್ಲಿ ಆಡುವುದು ಉರ್ದು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಇಷ್ಟು: "ನಿನ್ನ ಕಾರು ನನ್ನ ತಲೆಯೊಳಗೇ ಓಡತ್ತೆ ಬೇಟಾ, ಗುಂಯ್ ಅಂತ. ಮಿಷನ್ ಹಾಕ್ಕೊಂಡ್ರೆ ನಿನ್ನ ಮಾತು ಕೇಳಲ್ಲ, ಚಕ್ರದ ಸದ್ದೇ ಕೇಳತ್ತೆ."

ಅಂದೇ ಮೊದಲ ಸಲ ನಾನು ಕಿವಿಗೊಟ್ಟು ಕೇಳಿದೆ. ನಿಜ. ಕಾರು ಐವತ್ತು ದಾಟಿದೊಡನೆ ಕೆಳಗಿನಿಂದ ಒಂದು ಮೊರೆತ ಶುರುವಾಗುತ್ತಿತ್ತು, ಪಕ್ಕದ ಮನೆಯ ಮಿಕ್ಸಿ ನಿಲ್ಲದೆ ತಿರುಗುತ್ತಿದ್ದಂತೆ. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಸದ್ದು ಅಂತಲೇ ಅನ್ನಿಸುತ್ತಿರಲಿಲ್ಲ. ಖಾಲಾ ಮನೆಯ ಮುಂದೆ ನಿಲ್ಲಿಸಿ ಮುಂದಿನ ಟೈರುಗಳ ಮೇಲೆ ಕೈಯಾಡಿಸಿದೆ. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಗರಗಸ. ನನ್ನದು ಇಂಜಿನ್ನು ಮುಂದಿನ ಚಕ್ರಗಳನ್ನೇ ತಿರುಗಿಸುವ ಕಾರು. ಮುಂದಿನವು ಬೇಗ ಸವೆಯುತ್ತವೆ. ಹಿಂದಿನವು ಅಷ್ಟಲ್ಲದಿದ್ದರೂ ಅರ್ಧ ಸವೆದಿದ್ದವು. ನಾಲ್ಕನ್ನೂ ಬದಲಾಯಿಸೋಣ, ಆದಷ್ಟು ಸದ್ದು ಕಡಿಮೆ ಇರುವುದನ್ನು ಹಾಕಿಸೋಣ ಎಂದು ನಿಶ್ಚಯಿಸಿದೆ.

ಅಲ್ಲಿಂದ ಶುರುವಾಯಿತು ರೇಜಿಗೆ. ಚಿಂತಾಮಣಿಯ ಮೊದಲ ಅಂಗಡಿಯವನು ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, "ಯಜಮಾನ್ರು ಬರ್ಲಿಲ್ವಾ ಮೇಡಂ?" ಅಂದ. ಎರಡನೆಯವನಿಗೆ ಸದ್ದು ಕಡಿಮೆ ಇರುವ ಟೈರು ಬೇಕು ಅಂದರೆ, "ಹಾಡು ಜೋರಾಗಿಟ್ಕೊಳ್ಳಿ, ಸರಿಹೋಗತ್ತೆ" ಎಂದು ನಕ್ಕ. ಅವನ ಜೊತೆ ಟೀ ಕುಡಿಯುತ್ತಿದ್ದ ಮೂವರೂ ನಕ್ಕರು. ಅವರಲ್ಲೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸಾಬ್ರಾ ಮೇಡಂ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ" ಅಂದ. ಇಪ್ಪತ್ತು ವರ್ಷದಿಂದ ಈ ಊರಿನ ಮಕ್ಕಳಿಗೆ ಹಳಗನ್ನಡದ ವ್ಯಾಕರಣ ಕಲಿಸುತ್ತಿದ್ದೇನೆ. ಕಾರಿನ ಕಡೆ ನಡೆದೆ.

ಮೂರನೆಯ ಅಂಗಡಿಯ ಬಾಗಿಲಲ್ಲಿ ರಬ್ಬರು, ಹಳೆಯ ಆಯಿಲ್ಲು, ಗುಟ್ಕಾ ಎಲ್ಲ ಸೇರಿದ ವಾಸನೆ. ನಾನು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ. ಬೆಂದ ಹುಳುವಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಅದು ಎಂದೂ ಹೇಸಿಗೆ ಅನ್ನಿಸಿದ್ದಿಲ್ಲ. ಇಲ್ಲಿ ಮಾತ್ರ ನಾನೇ ಮೂಗು ಮುಚ್ಚಿಕೊಂಡೆ. ಒಂದರ ಮೇಲೊಂದು ಪೇರಿಸಿದ್ದ ಟೈರುಗಳ ನಡುವಿನ ಗುಂಡಿಯೇ ಅವರಿಗೆ ಉಗಿಯುವ ಜಾಗ. ತಿರುಗಿ ಹೊರಡುವಷ್ಟರಲ್ಲಿ ಒಳಗಿನಿಂದ ಒಬ್ಬ ಓಡಿಬಂದು ನನ್ನ ಕಾಲು ಮುಟ್ಟಿದ.

"ಟೀಚರ್, ಗೊತ್ತಾಗ್ಲಿಲ್ವಾ? ನಿಮ್ಮ ಕ್ಲಾಸಲ್ಲಿ ಕಡೇ ಬೆಂಚು!"

ಗೊತ್ತಾಯಿತು. ಹತ್ತನೆಯ ತರಗತಿಯಲ್ಲಿ ನನ್ನ ಹತ್ತಿರ ಓದಿದವನು. ಈಗ ಮೂವತ್ತು ದಾಟಿ, ಹೊಟ್ಟೆ ಬಂದು, ಅಂಗಡಿಯ ಮಾಲೀಕನಾಗಿದ್ದ. ಕುರ್ಚಿ ಒರೆಸಿದ, ಬಾದಾಮಿ ಹಾಲು ತರಿಸಿದ. ನನ್ನಿಂದಲೇ ತನಗೆ ಕನ್ನಡ ಬಂತು ಎಂದು ಅಲ್ಲಿದ್ದ ಗಿರಾಕಿಗಳಿಗೆಲ್ಲ ಹೇಳಿದ. ನಾನು ಬೆಳಗಿನಿಂದ ತಿಂದ ಅವಮಾನವೆಲ್ಲ ಇಳಿದುಹೋಯಿತು. ಆಗ ನನಗೆ ಎಷ್ಟು ಹಿತವಾಯಿತು ಎಂದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

"ನಾಲ್ಕು ಯಾಕೆ ಟೀಚರ್, ಸುಮ್ನೆ ದಂಡ. ಇಂಜಿನ್ ಎಳೆಯೋದು ಮುಂದಿನ ಚಕ್ರ. ಹೊಸದು ಎರಡೂ ಮುಂದಕ್ಕೆ ಹಾಕ್ತೀನಿ. ಮಳೆ, ಬಿಸಿಲು ಎಲ್ಲಕ್ಕೂ ಆಗತ್ತೆ. ಸೌಂಡ್ ಅನ್ನೋದೇ ಇಲ್ಲ. ನಿಮಗೆ ಮೋಸ ಮಾಡ್ತೀನಾ?"

ತಂದು ನಿಲ್ಲಿಸಿದ ಎರಡೂ ಟೈರು ಕರ್ರಗೆ, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಹೊಳೆಯುತ್ತಿದ್ದವು. ನಾನು ಬಾದಾಮಿ ಹಾಲು ಕುಡಿಯುತ್ತ ಕೂತಿದ್ದೆ. ಹಾಕಿಸಿಕೊಂಡು ಬಂದೆ.

ಮುಂದಿನ ಭಾನುವಾರ ಅಮ್ಮಿಗೆ ಮಿಷನ್ನು ತೆಗೆಯಬೇಡವೆಂದು ಹೇಳಿ ಹೊರಟೆ. ಎರಡು ಮೈಲಿ ಹೋಗುವಷ್ಟರಲ್ಲಿ ಅವಳ ಕೈ ಕಿವಿಗೆ ಹೋಯಿತು. ಮೊರೆತ ಹೋಗಿರಲಿಲ್ಲ, ರಾಗ ಬದಲಾಗಿತ್ತು ಅಷ್ಟೆ. ಅವನಿಗೆ ಫೋನ್ ಮಾಡಿದರೆ, "ಹೊಸ ಟೈರಲ್ವಾ ಟೀಚರ್, ಸಾವಿರ ಕಿಲೋಮೀಟರ್ ಓಡ್ಲಿ, ಸೆಟ್ ಆಗತ್ತೆ" ಅಂದ. ನಂಬಿದೆ. ಇನ್ನೂ ಮೂರು ಭಾನುವಾರ ಅಮ್ಮಿ ಕಿಟಕಿ ನೋಡಿದಳು.

ಅದರ ಮುಂದಿನ ಭಾನುವಾರ ಶಿಡ್ಲಘಟ್ಟಕ್ಕೆ ಮುಂಚೆ ಮಳೆ ಬಂದು ಬಿಟ್ಟಿತ್ತು. ಕೆರೆಯ ಪಕ್ಕದ ತಿರುವಿನಲ್ಲಿ ಅಡ್ಡ ಬಂದ ಎಮ್ಮೆಗೆ ಬ್ರೇಕು ಒತ್ತಿದೆ. ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಪಕ್ಕಕ್ಕೆ ಜಾರಿ ರಸ್ತೆಗೆ ಅಡ್ಡಲಾಗಿ ನಿಂತಿತು. ಅಮ್ಮಿ "ಯಾ ಅಲ್ಲಾ" ಎಂದು ನನ್ನ ತೋಳು ಹಿಡಿದುಕೊಂಡಳು. ಎದುರಿನಿಂದ ಏನೂ ಬರುತ್ತಿರಲಿಲ್ಲ. ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕಾರನ್ನು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿದೆ. ಅಮ್ಮಿ ಇಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿದಳು. ಮೂವತ್ತು ವರ್ಷ ನೂಲು ಬೆರಳಲ್ಲಿ ಹಿಡಿದು, ಎಳೆ ಗಟ್ಟಿಯೋ ಟೊಳ್ಳೋ ಎಂದು ನನ್ನ ತಂದೆ ಅಬ್ಬಾಜಾನ್‌ಗೆ ಹೇಳುತ್ತಿದ್ದವಳು ಅವಳು. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದಳು, ಹಿಂದಿನ ಚಕ್ರಕ್ಕೂ ಒತ್ತಿದಳು. ಮತ್ತೆ ಮುಂದಕ್ಕೆ ಬಂದಳು.

"ಇದು ಹೊಸದಲ್ಲ," ಅಂದಳು. "ಹಿಂದಿನದಕ್ಕೆ ಉಗುರು ಇಳಿಯತ್ತೆ. ಇದು ಕಟ್ಟಿಗೆ. ಸೀಳು ನೋಡು."

ಮಳೆಗೆ ಆ ಹೊಳಪೆಲ್ಲ ತೊಳೆದುಹೋಗಿತ್ತು. ಗೆರೆಗಳ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು. ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿ ಟೈರಿನ ಪಕ್ಕೆಯ ಮೇಲಿರುತ್ತದೆ ಎಂದು ಎಲ್ಲೋ ಓದಿದ್ದೆ. ಹೊರಗಡೆ ಅದು ಇರಲಿಲ್ಲ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಕೆಸರಿನಲ್ಲೇ ಮಂಡಿಯೂರಿ, ಚಕ್ರದ ಒಳಮಗ್ಗುಲಿಗೆ ಫೋನಿನ ಬೆಳಕು ಬಿಟ್ಟೆ. ಅಲ್ಲಿತ್ತು. ಆರು ವರ್ಷ ಹಳೆಯದು, ಅಮ್ಮಿಗೆ ಆರು ಬೆರಳು ತೋರಿಸಿದೆ. ಇನ್ನೊಂದೂ ಹಾಗೇ. ಎರಡನ್ನೂ ತಾರೀಖು ಒಳಕ್ಕೆ ಬರುವಂತೆ ತಿರುಗಿಸಿ ಹಾಕಿದ್ದ. ಮರೆತು ಹೀಗಾಗುವುದಿಲ್ಲ, ನಾನು ಬಾದಾಮಿ ಹಾಲು ಕುಡಿಯುತ್ತಿದ್ದಾಗ ಯೋಚಿಸಿ ಮಾಡಿದ್ದು. ಎರಡರ ತಾರೀಖಿಗೂ ಫೋಟೋ ಹೊಡೆದುಕೊಂಡೆ.

ಖಾಲಾ ಮನೆಗೆ ಹೋಗಲಿಲ್ಲ. ಇಪ್ಪತ್ತು ಮೂವತ್ತರ ವೇಗದಲ್ಲಿ ಚಿಂತಾಮಣಿಗೆ ವಾಪಸು ಬಂದು ಅವನ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನು ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ. ಫೋಟೋ ತೋರಿಸಿದೆ. ಮೊದಲು ಅದು ತಾರೀಖೇ ಅಲ್ಲ ಅಂದ. ಆಮೇಲೆ ಕಂಪನಿಯವರು ಹಾಗೇ ಕಳಿಸಿದ್ದು ಅಂದ. ಕಡೆಗೆ ದನಿ ತಗ್ಗಿಸಿದ.

"ಅದನ್ನ ಯಾರೂ ನೋಡಲ್ಲ ಟೀಚರ್. ಓಡ್ಸಿರೋ ಮಾಲಲ್ಲ, ಗೋಡೌನಲ್ಲಿ ಸುಮ್ನೆ ಇತ್ತು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಜನದ ಮುಂದೆ ಬೇಡ."

"ನಮ್ಮ ಅಮ್ಮ ಕಾರಲ್ಲಿದ್ರು ಕಣೋ," ಅಂದೆ.

"ಏನೂ ಆಗ್ಲಿಲ್ವಲ್ಲ ಟೀಚರ್," ಅಂದ ಅವನು, ನನಗೇ ಸಮಾಧಾನ ಹೇಳುವವನಂತೆ.

ಟೈರು ವಾಪಸು ತೆಗೆದುಕೊಂಡು ಕೊಟ್ಟ ದುಡ್ಡು ಹಿಂತಿರುಗಿಸಲು ಒಪ್ಪಿದ. ನಾನು ಬಾಗಿಲಲ್ಲಿ ನಿಂತಿದ್ದರೆ ವ್ಯಾಪಾರ ಕೆಡುತ್ತಿತ್ತು, ಅದಕ್ಕೆ. ನನ್ನ ಹಳೆಯ ಎರಡು ಟೈರುಗಳನ್ನೇ ಹುಡುಕಿ ಹಾಕಿಸಿದ. ಕಾರು ಇನ್ನೂ ಜಾಕಿನ ಮೇಲಿರುವಾಗಲೇ ಬಿಚ್ಚಿದ ಜೋಡಿಗೆ ಬಟ್ಟೆಯಿಂದ ಕರಿ ಪಾಲಿಶ್ ಉಜ್ಜುತ್ತಿದ್ದರು. ಟೈರಿಗೆಂದು ಬಂದ ಒಬ್ಬ ರೈತ, ಹೆಂಡತಿಯನ್ನೂ ಮಗುವನ್ನೂ ಕಾರಿನಲ್ಲೇ ಕೂರಿಸಿ ಬಂದವನು, ಅವನ್ನೇ ನೋಡುತ್ತಿದ್ದ. ನಾನು ನೋಡಿದೆ. ದುಡ್ಡು ಇನ್ನೂ ನನ್ನ ಕೈಗೆ ಬಂದಿರಲಿಲ್ಲ. ಸುಮ್ಮನಿದ್ದೆ. ಹೌದು, ಸುಮ್ಮನಿದ್ದೆ.

ನನ್ನ ಪಕ್ಕ ನಿಂತಿದ್ದ ಅಮ್ಮಿ ಸುಮ್ಮನಿರಲಿಲ್ಲ. ಕಿವಿಯಲ್ಲಿ ಮಿಷನ್ನಿರಲಿಲ್ಲ, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತನ್ನ ಮುರುಕು ಕನ್ನಡಕ್ಕೆ ತೆಲುಗು ಬೆರೆಸಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ತಗೋಬೇಡಪ್ಪಾ! ಅದಿ ಪಾತದಿ, ಹಳೇದು! ಆರು ವರ್ಷದ್ದು! ಒಳಗಡೆ ನಂಬರ್ ನೋಡು, ನೀ ಮಗೂ ಇದೆ ಕಾರಲ್ಲಿ!"

ರೈತ ಒಮ್ಮೆ ಅವಳನ್ನು, ಒಮ್ಮೆ ಟೈರನ್ನು ನೋಡಿದ. ಬಗ್ಗಿ ನಂಬರು ಹುಡುಕಿದ. ಹೋಗಿ ಕಾರು ಹತ್ತಿದ. ನನ್ನ ಶಿಷ್ಯ ಅಮ್ಮಿಯನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮುಂದಿನ ವಾರ ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಮಾಲೀಕರು ಐವತ್ತರ ಆಸುಪಾಸಿನವರು, ಗಂಟುಮುಖ. ಬನ್ನಿ, ಕೂತ್ಕೊಳ್ಳಿ ಏನೂ ಇಲ್ಲ. ನನಗೆ ಎಷ್ಟೋ ನೆಮ್ಮದಿಯಾಯಿತು.

"ಎರಡೇ ಹಾಕ್ಸೋದಾದ್ರೆ ಹೊಸದು ಹಿಂದಕ್ಕೆ ಹಾಕ್ಬೇಕು," ಅಂದರು. "ಎಳೆಯೋದು ಮುಂದಿನದಾದ್ರೂ, ಮಳೇಲಿ ಹಿಂದಿನದು ಜಾರಿದ್ರೆ ಹಿಡಿಯಕ್ಕಾಗಲ್ಲ. ನಾಲ್ಕೂ ಹಾಕ್ಸಿದ್ರೆ ಒಳ್ಳೇದು."

"ಸದ್ದು ಕಮ್ಮಿ ಇರ್ಬೇಕು," ಅಂದೆ.

"ಟೈರಿನ ಮೇಲಿನ ಅಚ್ಚು ಸಣ್ಣಸಣ್ಣದಾಗಿ, ಒಂದೊಂದು ಒಂದೊಂದು ಅಳತೆ ಇರೋದು ತಗೊಳ್ಳಿ. ರಬ್ಬರ್ ಮೆತ್ತಗಿರ್ಬೇಕು. ಅದು ಬೇಗ ಸವೆಯತ್ತೆ, ಆಮೇಲೆ ನನ್ನ ಬೈಬಾರ್ದು. ಸದ್ದೇ ಬರಲ್ಲ ಅಂತ ನಾನು ಹೇಳಲ್ಲ. ರೋಡು ನಮ್ಮಪ್ಪಂದಲ್ಲ."

ಕೇಳದೆಯೇ ನಾಲ್ಕೂ ಟೈರಿನ ತಾರೀಖು ತೋರಿಸಿದರು. ಎಲ್ಲ ಅದೇ ವರ್ಷದವು. ಅಮ್ಮಿ ಉಗುರು ಒತ್ತಿ ನೋಡಿದಳು, ಅವರು ಕಾದರು, ನಗಲಿಲ್ಲ. ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿ, ಇಷ್ಟು ಕಿಲೋಮೀಟರ್ ಓಡಿದ ಮೇಲೆ ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ ಎಂದು ಹೇಳಿ ಕಳಿಸಿದರು.

ವಾಪಸು ಬರುವಾಗ ಅಮ್ಮಿ ಮಿಷನ್ನು ತೆಗೆಯಲಿಲ್ಲ. ಕೆಟ್ಟ ರಸ್ತೆ ಸಿಕ್ಕಾಗ ಮುಖ ಹಿಂಡಿದಳು, ಅಷ್ಟೆ. ಮನೆ ಮುಟ್ಟುವವರೆಗೆ ಖಾಲಾಳ ಸೊಸೆಯನ್ನು ಬೈದಳು. ನಾನು ನಡುನಡುವೆ "ಹೌದಾ?" ಅನ್ನುತ್ತಿದ್ದೆ, ಅವಳಿಗೆ ಅದು ಕೇಳಿಸುತ್ತಿತ್ತು.

ಮೂರು ತಿಂಗಳ ಮೇಲೆ ಗೌರಿಬಿದನೂರಿನ ಒಂದು ಮದುವೆಯಲ್ಲಿ ಆ ಶಿಷ್ಯ ಎದುರಾದ. ಏನೂ ನಡೆದೇ ಇಲ್ಲವೆಂಬಂತೆ "ಟೀಚರ್!" ಎಂದು ಓಡಿಬಂದು, ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, ತನಗೆ ಕನ್ನಡ ಕಲಿಸಿದವರು ಇವರೇ ಅಂದ. ಎಲ್ಲರೂ ನನಗೆ ಕೈಮುಗಿದರು. ನಾನೂ ಮುಗಿದೆ. ಅವನಿಗೆ ಏನಾದರೂ ಹೇಳಬೇಕಿತ್ತು. ಅಮ್ಮಿಯಾಗಿದ್ದರೆ ಹೇಳುತ್ತಿದ್ದಳು. ಅವನು ಎಲ್ಲ ಹಲ್ಲು ಬಿಟ್ಟು ನಗುತ್ತಿದ್ದ, ಅವನ ಮೈಯಿಂದ ಅತ್ತರಿನ ವಾಸನೆ ಬರುತ್ತಿತ್ತು. ತಟ್ಟೆಯನ್ನು ಅಲ್ಲೇ ಇಟ್ಟು, ಊಟ ಮಾಡದೆ ಹೊರಗೆ ಬಂದು ಕಾರಿನಲ್ಲಿ ಕೂತೆ.