ಲೈಟಕ್ಕ ದೀಪ ದೊಡ್ಡದು ಮಾಡಿದ್ದು

ಆ ಬೀದಿಯ ಜನ ಅವಳನ್ನು ಲೈಟಕ್ಕ ಎಂದು ಯಾಕೆ ಕರೆಯುತ್ತಾರೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ರಾತ್ರಿ ಹತ್ತರ ಮೇಲೆ ಬೀದಿಯಲ್ಲಿ ನಿಂತರೆ ಸಾಕು. ಎಲ್ಲ ಕಿಟಕಿಗಳೂ ಕತ್ತಲಾದ ಮೇಲೂ ಮೂಲೆಯ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಲ್ಬು ಉರಿಯುತ್ತಲೇ ಇರುತ್ತಿತ್ತು. ಕರೆಂಟಿನ ಇಲಾಖೆಯವರು ಈ ಹೆಂಗಸಿಗೆ ಸನ್ಮಾನ ಮಾಡಬೇಕು ಎಂದು ಎದುರುಮನೆಯ ಪೇಪರ್ ಏಜೆಂಟ್ ಹೇಳುತ್ತಿದ್ದ. ಬದುಕಿದ್ದಷ್ಟು ದಿನ ಅವಳ ಗಂಡ ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಮಲಗಿದ. "ನಾನು ಹೆಂಗಸನ್ನ ಮದುವೆ ಆಗ್ಲಿಲ್ಲ ಕಣ್ರೀ, ಲೈಟ್ ಕಂಬಾನ ಕಟ್ಕೊಂಡೆ" ಎನ್ನುತ್ತಿದ್ದ ಪುಣ್ಯಾತ್ಮ. ಆದರೂ ಒಂದು ದಿನವೂ ಜಗಳ ತೆಗೆಯಲಿಲ್ಲ.

ಅರವತ್ತೇಳು ವರ್ಷದ ಲೈಟಕ್ಕ ಐವತ್ತೆಂಟು ವರ್ಷದಿಂದ ತನ್ನ ಕೈಯಾರೆ ಒಂದೇ ಒಂದು ದೀಪ ಆರಿಸಿದವಳಲ್ಲ. ಹಗಲಿನಲ್ಲಿ ಸ್ವಿಚ್ಚು ಒತ್ತುವ ಕೆಲಸ ಗಂಡನದು, ಅವನು ಹೋದ ಮೇಲೆ ಮಗಳದು. ಮಗಳು ಮದುವೆಯಾಗಿ ಹೋದ ಮೇಲೆ ಬಲ್ಬು ಹಗಲೂ ರಾತ್ರಿ ಉರಿದು ತಾನಾಗಿಯೇ ಸಾಯುತ್ತಿತ್ತು.

ಅವಳದು ಇನ್ನೊಂದು ವಿಚಿತ್ರ. ಅಳತೆ ಕೊಡಲು ಬಂದವರು ಮಾತು ಪೂರ್ತಿ ಮಾಡುವ ತನಕ ಟೇಪು ಮುಟ್ಟುತ್ತಿರಲಿಲ್ಲ. "ತೋಳು ಸ್ವಲ್ಪ..." ಎಂದು ಯಾರಾದರೂ ಅರ್ಧಕ್ಕೆ ನಿಲ್ಲಿಸಿದರೆ, "ಸ್ವಲ್ಪ ಏನು? ಉದ್ದಾನಾ, ಗಿಡ್ಡಾನಾ? ಮಾತು ಮುಗಿಸಿ. ಅರ್ಧ ಕೇಳಿ ಕತ್ತರಿ ಹಾಕಿದ್ರೆ ಬಟ್ಟೆ ಮತ್ತೆ ಕೂಡತ್ತಾ?" ಎಂದು ಗದರುತ್ತಿದ್ದಳು. ಗಿರಾಕಿಗಳು ಇವಳ ಬಾಯಿಗೆ ಹೆದರಿದರೂ ಇವಳ ಹೊಲಿಗೆಗೆ ಮರುಳಾಗಿ ಮತ್ತೆ ಬರುತ್ತಿದ್ದರು.

ಎರಡೂ ವಿಚಿತ್ರಗಳ ಬೇರು ಒಂದೇ ರಾತ್ರಿಯಲ್ಲಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಅವಳು ಹುಟ್ಟಿದ್ದು ದಡದಿಂದ ಮುಕ್ಕಾಲು ಗಂಟೆ ದೂರದ ದ್ವೀಪದಲ್ಲಿ. ಅಪ್ಪ ಅಲ್ಲಿನ ದೀಪಸ್ತಂಭದ ದೀಪಗಾರ. ಕಲ್ಲಿನ ಗೋಪುರ, ನೂರಾ ಹನ್ನೆರಡು ಮೆಟ್ಟಿಲು, ತುದಿಯಲ್ಲಿ ಆಳೆತ್ತರದ ಗಾಜಿನೊಳಗೆ ಎಣ್ಣೆಯ ದೀಪ. ದೀಪಕ್ಕೊಂದು ಹಿತ್ತಾಳೆಯ ತಿರುಪು. ಬಲಕ್ಕೆ ತಿರುಗಿಸಿದರೆ ಬತ್ತಿ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿದು ಇಳಿದು ನಂದುತ್ತದೆ. ಅಪ್ಪ ಸರ್ಕಾರಿ ಪುಸ್ತಕದಲ್ಲಿ ದಿನಾ ಬೆಳಿಗ್ಗೆ "ದೀಪ ಆರಿಸಲಾಯಿತು" ಎಂದು ಬರೆಯುತ್ತಿದ್ದ. ಅಮ್ಮನಿಗೆ ಆ ಶಬ್ದ ಕೇಳಿದರೇ ಆಗುತ್ತಿರಲಿಲ್ಲ. "ಪುಸ್ತಕದಲ್ಲಿ ಏನಾದ್ರೂ ಬರ್ಕೊಳ್ಳಿ. ನನ್ನ ಮನೇಲಿ ಆರಿಸೋದು ಗೀರಿಸೋದು ಅನ್ಬೇಡಿ. ದೀಪ ದೊಡ್ಡದು ಮಾಡು ಅನ್ನಿ." ಹೊರಡುವವರು 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವುದಿಲ್ಲವೇ, ಹಾಗೆ. ಆದ್ದರಿಂದ ದಿನಾ ಬೆಳಕು ಹರಿಯುವಾಗ ಅಪ್ಪ ಮಗಳನ್ನು ಎಬ್ಬಿಸುತ್ತಿದ್ದದ್ದು ಒಂದೇ ಮಾತಿನಿಂದ: "ಮಗೂ, ದೀಪ ದೊಡ್ಡದು ಮಾಡು." ಅವಳು ದಡಬಡ ಮೆಟ್ಟಿಲು ಹತ್ತಿ ತಿರುಪನ್ನು ಎಡಕ್ಕೆ ತಿರುಗಿಸುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಅಷ್ಟು ದೊಡ್ಡ ದೀಪ ತನ್ನ ಬೆರಳಿನ ಮಾತು ಕೇಳುವುದೆಂದರೆ ಜಂಬವೋ ಜಂಬ.

ಆ ವರ್ಷ ಅಪ್ಪನಿಗೆ ಜ್ವರ ಬಂತು. ಸಹಾಯಕ ರಜೆಯಲ್ಲಿದ್ದ. ಮೂರನೇ ದಿನ ಅಮ್ಮ ಔಷಧಿ ತರಲು ಅಂಬಿಗನ ಜೊತೆ ಹುಟ್ಟಿನ ದೋಣಿಯಲ್ಲಿ ಹೊರಟಳು. "ಎಷ್ಟು ಹೊತ್ತಾದ್ರೂ ರಾತ್ರೀನೇ ಬರ್ತೀನಿ" ಎಂದಳು. ಸಂಜೆ ಅಪ್ಪ ಹೇಗೋ ಹತ್ತಿ ದೀಪ ಹಚ್ಚಿ, ಗೋಪುರದ ನಡುವಿನ ತಮ್ಮ ಕೋಣೆಗೆ ಇಳಿದು ಮಂಚದ ಮೇಲೆ ಬಿದ್ದ. ರಾತ್ರಿ ಮಂಜು ಇಳಿಯಿತು. ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದ್ದ ಹುಡುಗಿಗೆ ಅಪ್ಪನ ಧ್ವನಿ ಕೇಳಿತು: "ಮಗೂ, ದೀಪ ದೊಡ್ಡದು ಮಾಡು." ಕಣ್ಣುಬಿಟ್ಟರೆ ಕಿಟಕಿಯೆಲ್ಲ ಬೆಳ್ಳಗೆ. ಮೇಲಿನ ದೀಪದ ಬೆಳಕು ಮಂಜಿಗೆ ಬಿದ್ದು ಬೆಳಗಾದ ಹಾಗಿತ್ತು. ಅಪ್ಪ ಇನ್ನೂ ಏನೋ ಹೇಳುತ್ತಿದ್ದ. ಅವಳು ಆಗಲೇ ಮೆಟ್ಟಿಲ ಮೇಲಿದ್ದಳು. ತಿರುಪನ್ನು ಎಡಕ್ಕೆ ತಿರುಗಿಸಿದಾಗ ಕಿಟಕಿಗಳೆಲ್ಲ ಕಪ್ಪಾದವು. ಆಗ ಗಂಟೆ ಎರಡು ಹತ್ತು. ಮತ್ತೆ ಹಚ್ಚಲು ಅವಳಿಗೆ ಬಾರದು, ಜ್ವರದ ಮಂಪರಿನಲ್ಲಿದ್ದ ಅಪ್ಪ ಏಳಲಿಲ್ಲ.

ಬೆಳಿಗ್ಗೆ ಬಂಡೆಗಳ ನಡುವೆ ದೋಣಿಯ ಹಲಗೆಗಳು ಸಿಕ್ಕವು. ಅಮ್ಮನೂ ಅಂಬಿಗನೂ ಸಿಗಲಿಲ್ಲ.

ವಿಚಾರಣೆಗೆ ಬಂದ ಸಾಹೇಬರ ಮುಂದೆ ಅಪ್ಪ ಕೈಕಟ್ಟಿ ನಿಂತು, "ಆರಿಸಿದ್ದು ನಾನೇ. ಜ್ವರದ ಮಂಪರಲ್ಲಿ ಬೆಳಗಾಯ್ತು ಅಂದ್ಕೊಂಡೆ" ಎಂದ. ಆ ಶಬ್ದವನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಕೆಲಸ ಹೋಯಿತು. ಊರಿಗೆ ಬಂದು ಉಪ್ಪಿನ ಗೋದಾಮಿನಲ್ಲಿ ತೂಕದವನಾಗಿ ಹದಿನಾಲ್ಕು ವರ್ಷ ಬದುಕಿದ. ದೀಪ ದೊಡ್ಡದು ಮಾಡು ಎಂಬ ಮಾತು ಮತ್ತೆ ಅವನ ಬಾಯಿಂದ ಬರಲಿಲ್ಲ. ಅವಳೂ ಕೇಳಲಿಲ್ಲ. ಅಪ್ಪ ನಿಜವಾಗಿ ಬೆಳಗಾಯಿತೆಂದುಕೊಂಡು ಹೇಳಿದ್ದನೋ? ಅಥವಾ ಮಂಜು ಕಂಡು, ಬತ್ತಿ ಏರಿಸು, ದೀಪವನ್ನು ನಿಜಕ್ಕೂ ದೊಡ್ಡದು ಮಾಡು ಎಂದನೋ? ಮೊದಲನೆಯದಾದರೆ ಜ್ವರದ ತಪ್ಪು. ಎರಡನೆಯದಾದರೆ ಅಮ್ಮನನ್ನು ಮುಳುಗಿಸಿದ್ದು ಅವಳ ಬೆರಳು. ಐವತ್ತೆಂಟು ವರ್ಷ ಈ ಎರಡರ ನಡುವೆ ಅವಳು ದೀಪ ಉರಿಸಿಕೊಂಡು ಕೂತಿದ್ದಳು.

ಅಂಥವಳ ಅಂಗಡಿಗೆ ಒಂದು ಮಧ್ಯಾಹ್ನ ದೀಪಸ್ತಂಭದ ಕಾವಲುಗಾರನೇ ಬಂದ. ಈಗ ಅಲ್ಲಿ ದೀಪಗಾರರಿಲ್ಲ. ಕತ್ತಲಾದರೆ ದೀಪ ತಾನೇ ಹತ್ತಿಕೊಳ್ಳುತ್ತದೆ. ನೂರೈವತ್ತು ವರ್ಷದ ಗೋಪುರ ನೋಡಲು ಜನ ಬರುತ್ತಾರೆ, ದೀಪಗಾರನ ಹಳೆಯ ಕೋಣೆಯಲ್ಲಿ ಒಂದು ರಾತ್ರಿ ತಂಗುತ್ತಾರೆ. ಕಾವಲುಗಾರ ಚೀಲದಿಂದ ಚಿಂದಿಯಾದ ಪರದೆ ತೆಗೆದ. ಹಗಲು ಬಿಸಿಲು ದೊಡ್ಡ ಗಾಜಿನ ಮೇಲೆ ಬಿದ್ದು ಬೆಂಕಿ ಹೊತ್ತದಂತೆ ಸುತ್ತ ಎಳೆಯುವ ಪರದೆ ಅದು.

"ನಾಲ್ಕು ಹೊಲೀಬೇಕು. ಅಳತೆ ಗೊತ್ತಿಲ್ಲ, ನೀವೇ ಬಂದು ನೋಡ್ಬೇಕು" ಎಂದ.

ಅಂಚಿನಲ್ಲಿ ಅಮ್ಮನ ಕೈಹೊಲಿಗೆ ಇನ್ನೂ ಇತ್ತು. ಲೈಟಕ್ಕ ಅದರ ಮೇಲೆ ಹೆಬ್ಬೆರಳು ಆಡಿಸಿ, "ಅಳತೆ ನಂಗೊತ್ತು" ಎಂದಳು. ಹೊಲಿದು ಕಳಿಸಿಬಿಡಬಹುದಿತ್ತು. ಆದರೆ ಮೂರು ದಿನ ಮಷೀನು ತುಳಿಯುತ್ತ ತುಳಿಯುತ್ತ, ನೇತುಹಾಕಲು ತಾನೇ ಹೋಗಬೇಕೆಂದು ಮನಸ್ಸು ಹಟ ಹಿಡಿಯಿತು. ಮಧ್ಯಾಹ್ನ ಹೋಗಿ ನಾಲ್ಕಕ್ಕೆ ವಾಪಸ್ ಎಂದು ಮೋಟಾರು ದೋಣಿಯವನೊಡನೆ ಮಾತಾಯಿತು.

ಪರದೆಗಳು ಒಂದು ಬೆರಳೂ ಹೆಚ್ಚುಕಡಿಮೆಯಾಗದೆ ಕೂತವು. ಮೂರನ್ನು ಪಕ್ಕಕ್ಕೆ ಸರಿಸಿ ಕಟ್ಟಿದಳು. ಊರಿನ ಕಡೆಯದು ಹೊಸ ಬಟ್ಟೆಯ ಸೊಕ್ಕಿಗೆ ನೆರಿಗೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಇಳಿದೇ ಇರಲಿ ಎಂದು ಬಿಟ್ಟಳು. ಅಷ್ಟರಲ್ಲಿ ಕೆಳಗಿನಿಂದ ಕಾವಲುಗಾರ ಕೂಗಿದ: "ಅಕ್ಕಾ, ಗಾಳಿ ಎದ್ದಿದೆ. ದೋಣಿಯವನು ಫೋನ್ ಮಾಡಿದ್ದ. ಬೆಳಿಗ್ಗೆ ಬರ್ತಾನಂತೆ."

ಅಂದರೆ ರಾತ್ರಿ ಇಲ್ಲೇ. ಕೆಳಗಿಳಿಯುವಾಗ ಪರದೆಯ ನೆನಪೇ ಹಾರಿಹೋಯಿತು.

ಕೋಣೆಗೆ ಸುಣ್ಣ ಹೊಡೆದು ಫ್ಯಾನು ಹಾಕಿದ್ದರು. ಮಂಚ ಮಾತ್ರ ಅದೇ ಗೋಡೆಗೆ, ಅದೇ ಜಾಗದಲ್ಲಿತ್ತು. ಮೇಜಿನ ಮೇಲೆ ತಂಗಿದವರು ಅಭಿಪ್ರಾಯ ಬರೆಯುವ ಪುಸ್ತಕ. ಕಾವಲುಗಾರ ಊಟ ತಂದಿಟ್ಟು ಬಾಗಿಲಲ್ಲೇ ನಿಂತ.

"ನಾನು ಕೆಳಗೆ ಶೆಡ್ಡಲ್ಲಿ ಮಲಗ್ತೀನಿ. ಭಯ ಅಂತಲ್ಲ. ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ."

ಗಾಳಿ ಎಲ್ಲ ಕಡೆಯೂ ಬೇಕಾದ್ದಕ್ಕಿಂತ ಚೆನ್ನಾಗಿಯೇ ಬರುತ್ತಿತ್ತು. ಅವನು ಹೋದ ಮೇಲೆ ಅವಳು ಪುಸ್ತಕ ತೆರೆದಳು.

"ವಸತಿ ಚೆನ್ನಾಗಿದೆ. ರಾತ್ರಿ ಎರಡರ ಮೇಲೆ ಯಾರೋ 'ದೊಡ್ಡದು ಮಾಡು' ಅಂದರು. ಫ್ಯಾನ್ ದೊಡ್ಡದು ಮಾಡಿ ಮಲಗಿದೆವು."

ಲೈಟಕ್ಕ ಆ ಸಾಲನ್ನು ಎರಡು ಸಲ ಓದಿದಳು. ಪುಟ ತಿರುಗಿಸಿದಳು.

"ಮಂಚ ದೊಡ್ಡದು ಮಾಡು ಅಂತ ನಮ್ಮ ಯಜಮಾನರು ನಿದ್ದೆಯಲ್ಲಿ ಹೇಳಿರಬೇಕು. ಅವರು ಒಪ್ಪುತ್ತಿಲ್ಲ."

ಇನ್ನೊಂದು ಕೈಬರಹ: "ಧ್ವನಿ ಕಾಯಿಲೆಯವರದ್ದು. ನಾವು ಮತ್ತೆ ಬರುವುದಿಲ್ಲ."

ಅವಳು ಪುಸ್ತಕ ಮುಚ್ಚಿದಳು. ಮಂಚದ ಮೇಲೆ ಮಲಗುವ ಧೈರ್ಯವಾಗಲಿಲ್ಲ. ಪರದೆಗೆ ತಂದು ಉಳಿದಿದ್ದ ಬಟ್ಟೆಯನ್ನು ಪಕ್ಕದಲ್ಲಿ, ಒಂದು ಕಾಲದಲ್ಲಿ ತನ್ನ ಚಾಪೆಯಿದ್ದ ಜಾಗದಲ್ಲೇ ಹಾಸಿ, ಗೋಡೆಗೊರಗಿ ಕೂತಳು. ಬಲ್ಬು ಉರಿಯುತ್ತಿತ್ತು. ಹನ್ನೊಂದಾಯಿತು, ಒಂದಾಯಿತು. ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಕಿಟಕಿಯ ಹೊರಗೆ ಮಂಜು ಬಂದು ಕೂತಿತು. ಆದರೆ ಅದು ಬೆಳ್ಳಗಿರಲಿಲ್ಲ, ಬೂದಿ ಬಣ್ಣಕ್ಕಿತ್ತು. ಯಾಕೆಂದು ಅವಳಿಗೆ ಹೊಳೆಯಲಿಲ್ಲ.

ಎರಡರ ಮೇಲೆ ಮಂಚ ಕಿರ್ರೆಂದಿತು. ಜ್ವರ ಬಂದವರು ಮಗ್ಗುಲು ಬದಲಿಸಿದಾಗ ಆಗುವ ಸದ್ದು. ಮಂಚದ ಮೇಲೆ ಮಡಚಿಟ್ಟ ಹೊದಿಕೆಯ ಹೊರತು ಏನೂ ಇರಲಿಲ್ಲ.

"ಮಗೂ."

ಅವಳು ಗೋಡೆಯಿಂದ ಬೆನ್ನು ಎತ್ತಿದಳು.

"ದೀಪ ದೊಡ್ಡದು ಮಾಡು."

ಅರವತ್ತೇಳರ ಮಂಡಿಗಳು ಒಂಬತ್ತರವಾಗಿ ಎದ್ದುಬಿಟ್ಟವು. ಕಾಲು ತಾನಾಗಿ ಬಾಗಿಲ ಕಡೆ ಹೊರಟಿತು. ಅವಳು ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಸಿದು ಕೂತಳು. ಮರ ಜ್ವರ ಬಂದವರ ಮುಂಗೈಯಷ್ಟು ಬೆಚ್ಚಗಿತ್ತು.

"ಮಾತು ಮುಗಿಸು ಅಪ್ಪಾ," ಎಂದಳು. "ಈ ಸಲ ಓಡಲ್ಲ ನಾನು. ಪೂರ್ತಿ ಹೇಳು."

ಮಂಚ ಮತ್ತೆ ಕಿರ್ರೆಂದಿತು.

"ನಿಮ್ಮಮ್ಮ ಬರ್ತಿದಾಳೆ. ಅವಳಿಗೆ ದಾರಿ ಕಾಣ್ತಿಲ್ಲ."

ಹಾಗಾದರೆ ತಪ್ಪು ತನ್ನದೇ. ಐವತ್ತೆಂಟು ವರ್ಷ ಯಾವ ಉತ್ತರಕ್ಕೆ ಹೆದರಿದ್ದಳೋ ಅದೇ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದೂ ಅರ್ಥವಾಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸಾಹೇಬರ ಮುಂದೆ ಸುಳ್ಳು ಹೇಳಿದ. ಹದಿನಾಲ್ಕು ವರ್ಷ ಉಪ್ಪು ತೂಗಿದ, ಒಂದು ದಿನವೂ ಅವಳ ಮೇಲೆ ಕಣ್ಣು ಕೆಂಪು ಮಾಡಲಿಲ್ಲ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಎದ್ದು ಮೆಟ್ಟಿಲು ಹತ್ತಿದಳು.

ತುದಿಯಲ್ಲಿ ದೀಪ ಉರಿಯುತ್ತಿತ್ತು. ಮೂರು ಕಡೆ ಮಂಜು ಬೆಳಗುತ್ತಿತ್ತು. ಊರಿನ ಕಡೆ, ದೋಣಿಗಳು ಬರುವ ಕಡೆ, ಕಡುಗತ್ತಲು. ತಾನೇ ಹೊಲಿದು ತಾನೇ ಇಳಿಬಿಟ್ಟ ಪರದೆ ದೀಪಕ್ಕೆ ಅಡ್ಡವಾಗಿ ನಿಂತಿತ್ತು.

"ಅಯ್ಯೋ, ಮತ್ತೆ ನಾನೇ" ಎಂದು ಧಾವಿಸಿ ಎಳೆದಳು. ಉಂಗುರ ಕಂಬಿಯಲ್ಲಿ ಕಚ್ಚಿಕೊಂಡಿತ್ತು. ಸೊಂಟದಿಂದ ಕತ್ತರಿ ಹಿರಿದು ಮೂರು ದಿನದ ಹೊಲಿಗೆಯನ್ನು ಮೇಲಿಂದ ಕೆಳಕ್ಕೆ ಸೀಳಿದಳು. ಬಟ್ಟೆ ಬಿತ್ತು, ಬೆಳಕು ನೀರಿನ ಮೇಲೆ ಹೋಯಿತು.

ಆಗ ಸದ್ದು ಕೇಳಿತು. ಮೋಟಾರಿನದಲ್ಲ, ಹುಟ್ಟಿನದು. ಆ ನೀರಿನಲ್ಲಿ ಹುಟ್ಟು ಹಾಕುವುದನ್ನು ಜನ ಬಿಟ್ಟು ಮೂವತ್ತು ವರ್ಷವಾಗಿತ್ತು. ಒಂದು ಎಳೆತ, ಒಂದು ವಿರಾಮ, ಒಂದು ಎಳೆತ. ಬೆಳಕಿನ ದಾರಿಯಲ್ಲಿ ಏನೂ ಕಾಣಲಿಲ್ಲ, ಸದ್ದು ಮಾತ್ರ ಹತ್ತಿರವಾಯಿತು. ದೋಣಿ ಕಟ್ಟುವ ಕಟ್ಟೆಯ ಕಲ್ಲಿಗೆ ಹಗ್ಗ ಥಪ್ಪೆಂದು ಬಿತ್ತು. ಒದ್ದೆ ಕಾಲುಗಳು ದಾರಿ ಹತ್ತಿದವು, ಗೋಪುರದ ಬಾಗಿಲು ದಾಟಿದವು, ಮೆಟ್ಟಿಲು ಏರಿದವು. ಲೈಟಕ್ಕ ಕತ್ತರಿಯನ್ನು ಎದೆಗೊತ್ತಿ ನಿಂತಳು. ಹೆಜ್ಜೆಗಳು ಮೇಲಿನವರೆಗೆ ಬರಲಿಲ್ಲ. ಮಂಚದ ಕೋಣೆಯ ಬಳಿ ತಿರುಗಿದವು. ಹೊದಿಕೆ ಸರಿಮಾಡದ ಗಂಡನನ್ನು ಮೆಲ್ಲಗೆ ಬೈಯುವಂಥ ಹೆಂಗಸಿನ ಧ್ವನಿ ಕೇಳಿತು. ಮಾತು ತಿಳಿಯಲಿಲ್ಲ.

ಅವಳು ಕೆಳಗಿಳಿಯಲಿಲ್ಲ. ಭಯವೂ ಇತ್ತು. ಆದರೆ ಅಷ್ಟು ವರ್ಷಕ್ಕೆ ಒಂದಾದ ಗಂಡ ಹೆಂಡಿರ ನಡುವೆ ಹೋಗಿ ನಿಲ್ಲಬಾರದು ಎಂಬ ತಿಳಿವಳಿಕೆಯೂ ಅವಳಿಗಿತ್ತು.

ಬೆಳಿಗ್ಗೆ ಇಳಿದು ನೋಡಿದರೆ ಹೊದಿಕೆ ಬಿಚ್ಚಿ, ಉದ್ದಕ್ಕೆ ಹೊದಿಸಿ, ಅಂಚುಗಳನ್ನು ಯಾರೋ ಹಾಸಿಗೆಯ ಕೆಳಗೆ ಮಡಚಿದ್ದರು. ಬಾಗಿಲಿಂದ ಮಂಚದವರೆಗೆ ನೆಲ ಒದ್ದೆ. ಕಾವಲುಗಾರ ಚಹಾ ಹಿಡಿದು ಬಂದು, "ಕಿಟಕಿ ತೆಗೆದಿಟ್ಟಿದ್ರಾ ಅಕ್ಕಾ?" ಎಂದ.

"ಬಾಗಿಲು ತೆಗೆದಿದ್ದೆ" ಎಂದಳು. "ನೋಡು, ಇನ್ನೊಂದು ಪರದೆ ನಾನೇ ಹೊಲಿದು ಕೊಡ್ತೀನಿ. ಆದ್ರೆ ಸಂಜೆ ಆಗೋದ್ರೊಳಗೆ ನಾಲ್ಕೂ ಸರಿಸಬೇಕು. ಮರೆತ್ಯೋ, ರಾತ್ರಿ ನಿನ್ನ ಶೆಡ್ಡಿಗೇ ಬಂದು ಕೇಳ್ತಾರೆ."

ಅವನು ಮುಂದೆ ಒಂದು ಸಂಜೆಯೂ ಮರೆಯಲಿಲ್ಲವಂತೆ.

ಅವಳು ಊರಿಗೆ ವಾಪಸಾದ ರಾತ್ರಿ ಹತ್ತೂವರೆಗೆ ಪೇಪರ್ ಏಜೆಂಟ್ ನೀರು ಕುಡಿಯಲು ಎದ್ದವನು ಕಿಟಕಿಯಿಂದ ನೋಡಿ ಲೋಟ ಕೈಬಿಟ್ಟ. ಮೂಲೆ ಅಂಗಡಿಯ ಹಿಂದೆ ಕತ್ತಲು. "ಲೈಟಕ್ಕನ ದೀಪ ಆರಿಹೋಗಿದೆ!" ಎಂದು ಬೀದಿಗೆ ಬೀದಿಯನ್ನೇ ಎಬ್ಬಿಸಿದ. ಏಳೆಂಟು ಜನ ಓಡಿ ಬಂದರು. ಒಬ್ಬ ಮಗಳಿಗೆ ಫೋನು ಹಚ್ಚಿದ, ಇನ್ನೊಬ್ಬ ಆಗಲೇ ಕಣ್ಣೊರೆಸಿಕೊಂಡ. ಬಾಗಿಲು ಒಡೆಯಲು ಹಾರೆ ಬಂತು.

ಬಾಗಿಲು ತಾನೇ ತೆರೆಯಿತು. ಕೂದಲು ಕೆದರಿಕೊಂಡು, ನಿದ್ದೆಗೆ ಊದಿದ ಮುಖದಲ್ಲಿ ಲೈಟಕ್ಕ ನಿಂತಿದ್ದಳು.

"ಏನ್ರೋ ಇದು? ಯಾರ ಮನೆಗೆ ಬೆಂಕಿ ಬಿದ್ದಿದೆ?"

"ಅಲ್ಲ ಅಕ್ಕಾ..." ಏಜೆಂಟ್ ತೊದಲಿದ. "ನಿಮ್ಮ ದೀಪ ಆರಿತ್ತಲ್ಲ, ನಾವು ಏನೋ ಅಂದ್ಕೊಂಡ್ವಿ..."

"ಬಿಡ್ತು ಅನ್ನು," ಎಂದಳು ಲೈಟಕ್ಕ. "ದೀಪ ಯಾಕೆ ಆರತ್ತೆ? ಅಮ್ಮ ಮನೆಗೆ ಬಂದ್ಲು. ದೊಡ್ಡದು ಮಾಡಿ ಮಲಗಿದೀನಿ."

ಬಾಗಿಲು ಹಾಕಿಕೊಂಡಳು. ಜನ ಮುಖ ಮುಖ ನೋಡಿಕೊಂಡು, ಹಾರೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಕತ್ತಲಲ್ಲಿ ತಡವರಿಸುತ್ತ ಮನೆಗೆ ಹೋದರು.